ಸೊಸೆಯ ತಲೆಗೆ ಬಂದ 24 ಯೂನಿಟ್

ಕೇಸ್ ಪೇಪರಿನಲ್ಲಿ ವೈದ್ಯರು ಬರೆದದ್ದು 16 ಯೂನಿಟ್ ಇನ್ಸುಲಿನ್. ರೋಗಿಯ ಮೈಗೆ ಹೋದದ್ದು 40. ಹೆಚ್ಚಾಗಿ ಹೋದ 24 ಯೂನಿಟ್‌ಗಳ ಲೆಕ್ಕವನ್ನು ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆಯವರೆಗೆ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ. ಅಷ್ಟರಲ್ಲಿ ತಪ್ಪು ಯಾರದೆಂದು ಎಲ್ಲರೂ ತೀರ್ಮಾನಿಸಿ ಆಗಿತ್ತು. ಬುತ್ತಿಯನ್ನು ತಡವಾಗಿ ತಂದ ಸೊಸೆಯದು.

ಗದಗ-ಬೆಟಗೇರಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಡೆದ ಈ ಪ್ರಕರಣವನ್ನು ನಮ್ಮ ಸಭೆಯ ಬೈಬಲ್ ಅಧ್ಯಯನ ಕೂಟದಲ್ಲಿ ಚರ್ಚೆಗೆ ಇಟ್ಟಿದ್ದೆವು. ಸಂಬಂಧಪಟ್ಟ ನರ್ಸ್ ತಾವಾಗಿಯೇ ಮುಂದೆ ಬಂದು ವಿವರ ಕೊಟ್ಟರು, ಬರೆಯಲು ಒಪ್ಪಿಗೆಯನ್ನೂ ಕೊಟ್ಟರು. ಯಾರ ಹೆಸರೂ ಇಲ್ಲಿಲ್ಲ, ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿದೆ. ಔಷಧದ ಲೆಕ್ಕವನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟಿದ್ದೇನೆ, ಏಕೆಂದರೆ ಆ ಲೆಕ್ಕ ತಿಳಿಯದೆ ಮುಂದಿನ ಮಾತು ತಿಳಿಯುವುದಿಲ್ಲ.

ತಪ್ಪು ಹೇಗಾಯಿತು

ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ. ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಸುವ 10 ಮಿಲಿಲೀಟರಿನ ಸಾಮಾನ್ಯ ಬಾಟಲಿಯಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಪೆನ್ನಿಗೆ ಹಾಕುವ 3 ಮಿಲಿಲೀಟರಿನ ಕಾರ್ಟ್ರಿಜ್‌ನಲ್ಲಿ ಪ್ರತಿ ಮಿಲಿಲೀಟರಿಗೆ 100 ಯೂನಿಟ್. ಸಿರಿಂಜುಗಳೂ ಅದಕ್ಕೆ ತಕ್ಕಂತೆ ಬೇರೆ ಬೇರೆ: ಕೆಂಪು ಮುಚ್ಚಳದ್ದು 40ರ ಔಷಧಕ್ಕೆ, ಕಿತ್ತಳೆ ಮುಚ್ಚಳದ್ದು 100ರ ಔಷಧಕ್ಕೆ. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 16ರ ಗೆರೆಯವರೆಗೆ ಎಳೆದರೆ 0.4 ಮಿಲಿಲೀಟರ್ ಬರುತ್ತದೆ. ಬಾಟಲಿಯ ಔಷಧವಾದರೆ ಅದು 16 ಯೂನಿಟ್. ಕಾರ್ಟ್ರಿಜ್‌ನ ಔಷಧವಾದರೆ ಅದೇ 0.4 ಮಿಲಿಲೀಟರಿನಲ್ಲಿ 40 ಯೂನಿಟ್, ಅಂದರೆ ಎರಡೂವರೆ ಪಟ್ಟು.

ರೋಗಿ ಮುಂಡರಗಿ ಕಡೆಯ ರೈತ, ಅರವತ್ತು ದಾಟಿದವರು. ಕಾಲಿನ ಹುಣ್ಣು ಮಾಯದೆ ದಾಖಲಾಗಿದ್ದರು. ಹುಣ್ಣು ಒಣಗುತ್ತಾ ಬಂದಿದ್ದರಿಂದ ಶನಿವಾರ ಮನೆಗೆ ಕಳಿಸುವುದೆಂದು ನಿಶ್ಚಯವಾಗಿತ್ತು. ಶುಕ್ರವಾರ ಸಂಜೆ ವಾರ್ಡಿನ ಇನ್ಸುಲಿನ್ ಬಾಟಲಿ ಮುಗಿಯಿತು. ಮಗನಿಗೆ ಚೀಟಿ ಕೊಟ್ಟು ಕಳಿಸಿದರು. ಔಷಧದಂಗಡಿಯಲ್ಲಿ ಬಾಟಲಿ ಇರಲಿಲ್ಲ, ಅದೇ ಹೆಸರಿನ ಕಾರ್ಟ್ರಿಜ್ ಇತ್ತು. ಅದನ್ನೇ ಕೊಟ್ಟರು, ಮಗ ಅದನ್ನೇ ತಂದ. ವಾರ್ಡಿನಲ್ಲಿ ಇದ್ದದ್ದು ಕೆಂಪು ಮುಚ್ಚಳದ ಸಿರಿಂಜುಗಳು ಮಾತ್ರ. ಇಪ್ಪತ್ತಕ್ಕೂ ಹೆಚ್ಚು ಹಾಸಿಗೆಗಳಿಗೆ ಇಬ್ಬರೇ ನರ್ಸುಗಳು, ಸಂಜೆಯ ಪಾಳಿ ಮುಗಿಯುವ ಹೊತ್ತು. ಕಾರ್ಟ್ರಿಜ್‌ನ ಮೈಮೇಲೆ ಸಣ್ಣಕ್ಷರದಲ್ಲಿ 100 ಎಂದಿದ್ದದ್ದನ್ನು ಆ ನರ್ಸ್ ಓದಲಿಲ್ಲ. ಸೂಜಿ ಚುಚ್ಚಿ 16ರ ಗೆರೆಯವರೆಗೆ ಎಳೆದರು, ಕೊಟ್ಟರು.

ಇಂಜೆಕ್ಷನ್ ಕೊಟ್ಟ ಅರ್ಧ ಗಂಟೆಯೊಳಗೆ ಊಟವಾಗಬೇಕು. ಆ ದಿನ ಊರಿನ ಬಸ್ಸು ಕೈಕೊಟ್ಟಿತ್ತು. ಸೊಸೆ ಬುತ್ತಿ ಹಿಡಿದುಕೊಂಡು ಬಂದಾಗ ಒಂದು ತಾಸು ತಡವಾಗಿತ್ತು. ಮಾವ ಒಂದೂವರೆ ರೊಟ್ಟಿ, ಒಂದಿಷ್ಟು ಹೆಸರುಕಾಳಿನ ಪಲ್ಯ ತಿಂದು ಮಲಗಿದರು. ಹನ್ನೊಂದರ ಸುಮಾರಿಗೆ ಮೈಯೆಲ್ಲ ತಣ್ಣಗೆ ಬೆವರಿತು, ಕೈ ನಡುಗತೊಡಗಿತು, ಹೆಂಡತಿಯನ್ನೇ ಗುರುತು ಹಿಡಿಯದೆ ಏನೇನೋ ತೊದಲಿದರು. ರಕ್ತದ ಸಕ್ಕರೆ 41. ಎಪ್ಪತ್ತಕ್ಕಿಂತ ಕೆಳಗಿಳಿದರೇ ಕಡಿಮೆ ಎನ್ನುತ್ತಾರೆ. ನಲವತ್ತೊಂದು ಎಂದರೆ ಮಿದುಳಿಗೇ ಸಕ್ಕರೆ ಸಾಲದ ಸ್ಥಿತಿ. ರಾತ್ರಿ ಪಾಳಿಯವರು ನರಕ್ಕೆ ಗ್ಲೂಕೋಸ್ ಕೊಟ್ಟರು, ಎಚ್ಚರ ಬಂತು. ನಸುಕಿನಲ್ಲಿ ಮತ್ತೆ ಇಳಿಯಿತು, ಮತ್ತೆ ಕೊಟ್ಟರು. ಬೇಗ ಕೆಲಸ ಮಾಡುವ ಇನ್ಸುಲಿನ್ ಮತ್ತು ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಸೇರಿದ ಮಿಶ್ರಣ ಅದು. ಒಮ್ಮೆ ಹೋದರೆ ಮರುದಿನದವರೆಗೂ ಮೈಯಲ್ಲಿ ಇರುತ್ತದೆ.

ಕರೆ ಬಂದ ಕೂಡಲೇ ಬಂದ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಊಟ ಎಷ್ಟು ಹೊತ್ತಿಗೆ ಮಾಡಿದರು?" ಉತ್ತರ ಸಿಕ್ಕಿತು. ಕೇಸ್ ಪೇಪರಿನಲ್ಲಿ ಕಾರಣವೂ ಬರೆದಾಯಿತು: ಊಟ ತಡ, ಸಾಕಷ್ಟು ತಿಂದಿಲ್ಲ.

ಶನಿವಾರ ಮತ್ತು ಭಾನುವಾರ

ನರ್ಸ್‌ಗೆ ತಮ್ಮ ತಪ್ಪು ತಿಳಿದದ್ದು ಶನಿವಾರ ಮಧ್ಯಾಹ್ನ ಕೆಲಸಕ್ಕೆ ಬಂದಾಗ. ಟ್ರೇಯಲ್ಲಿ ಕಾರ್ಟ್ರಿಜ್ ಇನ್ನೂ ಇತ್ತು, ಅದರ ಪಕ್ಕದಲ್ಲಿ ಕೆಂಪು ಮುಚ್ಚಳ. ರಾತ್ರಿಯ ಸುದ್ದಿ ಕೇಳಿದ ಮೇಲೆ ಅವೆರಡನ್ನೂ ಒಟ್ಟಿಗೆ ನೋಡಿದರೆ ಬೇರೆ ವಿವರಣೆ ಬೇಕಿರಲಿಲ್ಲ. ಕಾರ್ಟ್ರಿಜ್ ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡೆ ಎಂದು ಅವರೇ ಹೇಳಿದರು. ಸಂಜೆಯ ಡೋಸಿಗೆ ಹೊಸ ಬಾಟಲಿ ತರಿಸಿದರು. ತಪ್ಪು ಮುಂದುವರಿಯದಂತೆ ನೋಡಿಕೊಂಡರು, ತಪ್ಪಿನ ಸುದ್ದಿಯೂ ಹೊರಬೀಳದಂತೆ ನೋಡಿಕೊಂಡರು. ಎರಡೂ ಒಂದೇ ಕೈಯಿಂದ ಆಯಿತು.

ಅದೇ ಸಂಜೆ ವಾರ್ಡಿನಲ್ಲಿ ಅತ್ತೆಯ ಮಾತು ಎಲ್ಲ ಹಾಸಿಗೆಗಳಿಗೂ ಕೇಳಿಸುವಂತಿತ್ತು. "ಮಾವನ ಜೀವ ತೆಗೆಯುತ್ತಿದ್ದಳಲ್ಲ! ಊರಿಂದ ಇಲ್ಲಿಗೆ ಬುತ್ತಿ ಮುಟ್ಟಿಸಲು ಇವಳಿಗೆ ಎಷ್ಟು ತಾಸು ಬೇಕು?" ಗಂಡ ಸುಮ್ಮನೆ ನಿಂತಿದ್ದ. ಅವನಿಗೆ ಅವನದೇ ಸಂಕಟ: ಹಿಂಗಾರಿ ಕಡಲೆ ಕೀಳುವ ದಿನಗಳು, ಆಳುಗಳಿಗೆ ಬರಹೇಳಿ ಆಗಿತ್ತು, ಮನೆಗೆ ಹೋಗಬೇಕಾದ ಹೊತ್ತಿನಲ್ಲಿ ಇನ್ನೂ ಎರಡು ದಿನ ಆಸ್ಪತ್ರೆ. ಸೊಸೆ ಖಾಲಿ ಬುತ್ತಿಯ ಬಟ್ಟೆಯನ್ನು ಮಡಚುತ್ತಿದ್ದಳು. ಬಸ್ಸು ಬರಲಿಲ್ಲ ಎಂದು ಒಮ್ಮೆ ಹೇಳಿದಳು, ಎರಡನೆಯ ಸಲ ಹೇಳಲಿಲ್ಲ.

ನರ್ಸ್ ಇದನ್ನೆಲ್ಲ ಮೂರು ಹಾಸಿಗೆಗಳ ಆಚೆಯಿಂದ ಕೇಳಿಸಿಕೊಂಡರು.

ಅವರ ಮನೆತನದ ಬಗ್ಗೆ ಒಂದು ಮಾತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಆ ಕಾಲದಿಂದ ಬೇರು ಬಿಟ್ಟ ಕುಟುಂಬಗಳು ಇಲ್ಲಿ ಹಲವಿವೆ. ಇವರದೂ ಅಂಥದೇ ಮನೆ. ರಾತ್ರಿ ಪ್ರಾರ್ಥನೆಯಿಲ್ಲದೆ ದೀಪ ಆರಿಸುವ ರೂಢಿಯಿಲ್ಲ. ಶನಿವಾರ ರಾತ್ರಿ ಮೊಣಕಾಲೂರಿ ಬೈಬಲಿನ ಐವತ್ತೊಂದನೆಯ ಕೀರ್ತನೆ ಓದಿದರು. ದಾವೀದ ರಾಜನು ಬತ್ಷೆಬೆಯ ವಿಷಯದಲ್ಲಿ ಪಾಪ ಮಾಡಿ, ಪ್ರವಾದಿ ನಾತಾನನು ಬಂದು ಎಚ್ಚರಿಸಿದ ಮೇಲೆ ಹಾಡಿದ್ದೆಂದು ತಲೆಬರಹವಿರುವ ಕೀರ್ತನೆ ಅದು. ದೇವರೇ, ನಿನಗೆ, ಕೇವಲ ನಿನಗೇ ತಪ್ಪು ಮಾಡಿದ್ದೇನೆ ಎಂಬ ಅರ್ಥದ ಮಾತು ಅದರಲ್ಲಿ ಬರುತ್ತದೆ. ಅದನ್ನು ಓದಿ ಅತ್ತರು. ನಿದ್ರೆಯೂ ಬಂತು.

ಮರುದಿನ ಬೆಳಿಗ್ಗೆ ಆರಾಧನೆ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ ಆರಾಧನಾ ಕ್ರಮ ಬಲ್ಲವರಿಗೆ ಗೊತ್ತು: ಕರ್ತನ ಭೋಜನದ ಆರಾಧನೆಯಲ್ಲಿ ಇಡೀ ಸಭೆ ಒಟ್ಟಾಗಿ ಪಾಪವನ್ನು ಅರಿಕೆ ಮಾಡುತ್ತದೆ, ಸಭಾಪಾಲಕರು ಕ್ಷಮೆಯ ವಾಕ್ಯ ಹೇಳುತ್ತಾರೆ. ಮುಂದೆ, ಕಾಣಿಕೆ ಅರ್ಪಿಸುವ ಮೊದಲು, ಒಬ್ಬರ ಕೈ ಒಬ್ಬರು ಹಿಡಿದು ಸಮಾಧಾನ ಹಂಚಿಕೊಳ್ಳುತ್ತಾರೆ. ನರ್ಸ್ ಎಲ್ಲರೊಂದಿಗೆ ಅರಿಕೆ ಮಾಡಿದರು, ಕ್ಷಮೆಯ ವಾಕ್ಯ ಕೇಳಿದರು, ಪಕ್ಕದವರ ಕೈಯನ್ನೂ ಹಿಡಿದರು. ಆಮೇಲೆ ಸಭಾಪಾಲಕರನ್ನು ಒಬ್ಬರೇ ಕಂಡು ನಡೆದದ್ದನ್ನು ಹೇಳಿದರು.

ಸಭಾಪಾಲಕರು ಒಳ್ಳೆಯವರು, ಅವಸರದಲ್ಲಿದ್ದರು. ಇನ್ನೊಂದು ಹಳ್ಳಿಯ ಆರಾಧನೆಗೆ ಹೊರಟಿದ್ದರು. ಯೋಹಾನನ ಮೊದಲನೆಯ ಪತ್ರಿಕೆಯ ಮೊದಲ ಅಧ್ಯಾಯವನ್ನು ನೆನಪಿಸಿದರು: ಪಾಪಗಳನ್ನು ಒಪ್ಪಿಕೊಂಡರೆ ದೇವರು ನಂಬಿಗಸ್ತನಾಗಿ ಕ್ಷಮಿಸುತ್ತಾನೆ. "ರೋಗಿ ಈಗ ಹುಷಾರಾಗಿದ್ದಾರಲ್ಲ. ದೇವರಿಗೆ ಹೇಳಿದ್ದೀರಿ, ನನಗೂ ಹೇಳಿದ್ದೀರಿ. ಇನ್ನು ಮನಸ್ಸು ಹಗುರ ಮಾಡಿಕೊಳ್ಳಿ" ಎಂದು ಪ್ರಾರ್ಥಿಸಿ ಕಳಿಸಿದರು.

ಮನಸ್ಸು ಹಗುರವಾಯಿತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಗಂಭೀರವೆನಿಸುವ ಘಟ್ಟ ಇದೇ. ತಪ್ಪು ಮಾಡಿದವರಿಗೆ ಸಮಾಧಾನ ಸಿಕ್ಕಿತ್ತು, ಶಾಸ್ತ್ರವಾಕ್ಯದ ಆಧಾರವೂ ಸಿಕ್ಕಿತ್ತು. ಸೊಸೆ ಇನ್ನೂ ವಾರ್ಡಿನಲ್ಲಿ ಬೈಸಿಕೊಳ್ಳುತ್ತಿದ್ದಳು.

ಅತ್ತೆಯ ಪ್ರಶ್ನೆ

ಇಲ್ಲಿ ಇನ್ನೊಬ್ಬ ಅತ್ತೆ ಬರುತ್ತಾರೆ: ನರ್ಸಿನ ಸೋದರತ್ತೆ. ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಾ ಸರ್ಕಾರಿ ಸೇವೆ ಮುಗಿಸಿ ನಿವೃತ್ತರಾದವರು. ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದಿದ್ದ ಅವರ ಮುಂದೆ ವಿಷಯ ಬಂತು. ಅವರು ಕೀರ್ತನೆಯ ಸುದ್ದಿಗೇ ಹೋಗಲಿಲ್ಲ. "ಯವ್ವಾ, ಡೋಸು ಹೆಚ್ಚಾದದ್ದು ಯಾರಿಗೆ ಗೊತ್ತು?" ಎಂದರು. ನನಗೆ, ದೇವರಿಗೆ, ಅಯ್ಯನವರಿಗೆ ಎಂದು ಉತ್ತರ. "ಆ ಹುಡುಗಿಗೆ?" ಇಲ್ಲ. "ಹಾಗಾದರೆ ಅವಳು ಮಾವನನ್ನು ಸಾಯಿಸಲು ಹೋಗಿದ್ದೆ ಎಂದುಕೊಂಡೇ ಬದುಕಬೇಕು, ನೀನು ಕ್ಷಮೆ ಸಿಕ್ಕಿತೆಂದುಕೊಂಡು ಬದುಕುತ್ತೀ. ಅವಳ ತಲೆಯ ಮೇಲಿನದನ್ನು ಇಳಿಸುವವರು ಯಾರು?"

ಈ ಪ್ರಶ್ನೆಯ ಎದುರು ಐವತ್ತೊಂದನೆಯ ಕೀರ್ತನೆಯನ್ನು ಮತ್ತೆ ಓದಬೇಕಾಗುತ್ತದೆ. ನಿನಗೆ ಮಾತ್ರವೇ ತಪ್ಪು ಮಾಡಿದ್ದೇನೆ ಎಂದು ದಾವೀದನು ಹೇಳುವ ಹೊತ್ತಿಗೆ ಬತ್ಷೆಬೆಯ ಗಂಡ ಊರೀಯನು ಸತ್ತಿದ್ದ. ಕ್ಷಮೆ ಕೇಳಬೇಕಾದವನನ್ನು ಯುದ್ಧದ ಮುಂಚೂಣಿಗೆ ಕಳಿಸಿ ಕೊಲ್ಲಿಸಿದವನೂ ದಾವೀದನೇ. ಆ ವಾಕ್ಯದಲ್ಲಿ ಪಾಪದ ಆಳದ ಅರಿವಿದೆ ಎಂದು ದೇವಶಾಸ್ತ್ರಜ್ಞರು ವಿವರಿಸುತ್ತಾರೆ, ಅದು ನಿಜ. ಆದರೆ ಬದುಕಿರುವ ಊರೀಯನೊಬ್ಬ ಮೂರು ಹಾಸಿಗೆಗಳ ಆಚೆ ಇರುವಾಗ ಅದೇ ವಾಕ್ಯವನ್ನು ಹಿಡಿದುಕೊಂಡು ಮಲಗುವುದು ಅದರ ದುರುಪಯೋಗ. ಕೂಟದಲ್ಲಿ ಈ ಮಾತಿಗೆ ಇಬ್ಬರು ಹಿರಿಯರು ಒಪ್ಪಲಿಲ್ಲ. ದೇವರ ಕ್ಷಮೆಗೆ ಷರತ್ತು ಹಾಕಿದಂತಾಗುತ್ತದೆ ಎಂದರು. ನಾನು ಷರತ್ತು ಎನ್ನುತ್ತಿಲ್ಲ. ಕ್ಷಮೆ ಸಿಕ್ಕಿತು ಎನ್ನುವವರು ಮುಂದೆ ಏನು ಮಾಡುತ್ತಾರೆ ಎಂಬುದರ ಬಗ್ಗೆ ಬೈಬಲ್ ಬಹಳ ಸ್ಪಷ್ಟವಾಗಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಬೈಬಲಿನ ಅರಣ್ಯಕಾಂಡದ ಐದನೆಯ ಅಧ್ಯಾಯದ ವಿಧಿ ನೋಡಿ. ತಪ್ಪು ಮಾಡಿದವನು ಅದನ್ನು ಅರಿಕೆ ಮಾಡಬೇಕು, ನಷ್ಟವನ್ನು ಪೂರ್ತಿ ತುಂಬಿಕೊಡಬೇಕು, ಐದನೆಯ ಒಂದು ಪಾಲನ್ನು ಅದಕ್ಕೆ ಸೇರಿಸಿ ಯಾರಿಗೆ ಅನ್ಯಾಯವಾಯಿತೋ ಅವನಿಗೇ ಕೊಡಬೇಕು. ತೆಗೆದುಕೊಳ್ಳಲು ಅವನಾಗಲಿ ಅವನ ಹತ್ತಿರದ ಬಂಧುವಾಗಲಿ ಇಲ್ಲದಿದ್ದಾಗ ಮಾತ್ರ ಅದು ಯಾಜಕನಿಗೆ ಹೋಗುತ್ತದೆ. ಯಾಜಕನ ಸರದಿ ಕೊನೆಯದು. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸು ಇನ್ನೂ ಮುಂದೆ ಹೋಗುತ್ತಾನೆ: ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಸಹೋದರನೊಂದಿಗೆ ಒಂದಾಗು, ಆಮೇಲೆ ಬಂದು ಕಾಣಿಕೆ ಕೊಡು. ನಮ್ಮ ಆರಾಧನೆಯಲ್ಲಿ ಕಾಣಿಕೆಗೆ ಮೊದಲು ಸಮಾಧಾನ ಹಂಚುವುದರ ಹಿಂದೆ ಇರುವುದೂ ಇದೇ ಮಾತು. ಆದರೆ ನಾವು ಹಿಡಿಯುವುದು ಪಕ್ಕದಲ್ಲಿ ಕುಳಿತವರ ಕೈ. ನಮ್ಮಿಂದ ನೊಂದವರು ಪಕ್ಕದಲ್ಲಿ ಕುಳಿತಿರುವುದು ಅಪರೂಪ.

ಸಾಮೂಹಿಕ ಅರಿಕೆಯ ಮೇಲೆ ನನಗೆ ಗೌರವವಿದೆ. ಆದರೂ ಅದರಲ್ಲಿ ಒಂದು ಸೌಕರ್ಯವಿದೆ ಎಂಬುದನ್ನು ಒಪ್ಪಲೇಬೇಕು: ನಾವು ಪಾಪ ಮಾಡಿದ್ದೇವೆ ಎಂದು ಇನ್ನೂರು ಜನ ಒಟ್ಟಿಗೆ ಹೇಳಿದಾಗ ಯಾವ ಪಾಪ, ಯಾರಿಗೆ ಮಾಡಿದ್ದು ಎಂದು ಯಾರೂ ಕೇಳುವುದಿಲ್ಲ. ರೋಮನ್ ಕಥೋಲಿಕರು ಗುರುಗಳ ಮುಂದೆ ಒಂದೊಂದಾಗಿ ಹೇಳಬೇಕು. ಕದ್ದದ್ದನ್ನು ಹಿಂದಿರುಗಿಸುವ ಹೊಣೆ ಪಾಪವಿಮೋಚನೆಯ ನಂತರವೂ ಉಳಿಯುತ್ತದೆ ಎಂದು ಅವರ ಬೋಧನೆ. ಪ್ರೊಟೆಸ್ಟೆಂಟರಾದ ನಾವು ಅದನ್ನು ಬಿಟ್ಟೆವು, ಬಿಟ್ಟದ್ದಕ್ಕೆ ಕಾರಣಗಳೂ ಇದ್ದವು. ಅದರ ಜಾಗಕ್ಕೆ ಸಾಕ್ಷಿ ಹೇಳುವ, ಅಂದರೆ ದೇವರು ತಮ್ಮ ಬದುಕನ್ನು ಬದಲಿಸಿದ್ದನ್ನು ಎಲ್ಲರ ಮುಂದೆ ಹೇಳುವ ಪದ್ಧತಿ ಬಂತು. ನಮ್ಮ ಕೂಟಗಳಲ್ಲಿ ಇಪ್ಪತ್ತು ವರ್ಷಗಳ ಹಿಂದಿನ ಕುಡಿತದ ಬಗ್ಗೆ ರಸವತ್ತಾಗಿ ಹೇಳುವವರನ್ನು ಬೇಕಾದಷ್ಟು ಕೇಳಿದ್ದೇನೆ. ಕಳೆದ ವಾರ ಮಾಡಿದ ತಪ್ಪನ್ನು, ಅದರಿಂದ ನಷ್ಟವಾದವರ ಎದುರಿನಲ್ಲಿ ಹೇಳಿದವರನ್ನು ಅಲ್ಲಿ ಕಂಡಿಲ್ಲ.

ಸೋಮವಾರ

ನರ್ಸ್ ಬೆಳಿಗ್ಗೆ ಪಾಳಿಗೆ ಮೊದಲೇ ಹೋಗಿ ವೈದ್ಯರ ಕೋಣೆಯ ಮುಂದೆ ನಿಂತರು. ಕಾರ್ಟ್ರಿಜ್ ಮತ್ತು ಕೆಂಪು ಮುಚ್ಚಳದ ಸಿರಿಂಜನ್ನು ಮೇಜಿನ ಮೇಲೆ ಇಟ್ಟು, "ಸರ್, ಶುಕ್ರವಾರ ಸಂಜೆ ಇದರಿಂದ ಇದನ್ನು ಎಳೆದಿದ್ದೇನೆ. ನಲವತ್ತು ಯೂನಿಟ್ ಹೋಗಿದೆ. ಊಟ ತಡವಾದದ್ದು ಕಾರಣವಲ್ಲ. ಶನಿವಾರವೇ ನನಗೆ ಗೊತ್ತಾಗಿತ್ತು" ಎಂದರು.

ಈ ನಾಲ್ಕು ವಾಕ್ಯಗಳನ್ನು ಕೂಟದಲ್ಲಿ ಒಂದೊಂದಾಗಿ ಬಿಡಿಸಿ ನೋಡಿದೆವು. ಏನು ಮಾಡಿದೆ ಎಂಬುದಿದೆ, ಎಷ್ಟು ಎಂಬುದಿದೆ, ತಪ್ಪಾಗಿ ಹೊಣೆ ಹೊತ್ತವರ ಬಿಡುಗಡೆಯಿದೆ, ಮುಚ್ಚಿಟ್ಟೆ ಎಂಬುದೂ ಇದೆ. ಪಾಳಿಯಲ್ಲಿ ಜನ ಕಡಿಮೆ ಇದ್ದರು, ಅಂಗಡಿಯವನು ತಪ್ಪು ಔಷಧ ಕೊಟ್ಟ, ಮಗ ನೋಡದೆ ತಂದ ಎಂಬ ಮಾತುಗಳಿಲ್ಲ. ಅವು ಸುಳ್ಳಲ್ಲ; ವೈದ್ಯರು ಕೇಳಿದಾಗ ಅವನ್ನೂ ಹೇಳಿದರು. ಆದರೆ ಮೊದಲ ಉಸಿರಿನಲ್ಲಿ ಹೇಳಲಿಲ್ಲ. ಸಮುವೇಲನ ಮೊದಲನೆಯ ಪುಸ್ತಕದ ಹದಿನೈದನೆಯ ಅಧ್ಯಾಯದಲ್ಲಿ ರಾಜ ಸೌಲನ ಅರಿಕೆ ಇದಕ್ಕೆ ಸರಿಯಾಗಿ ಉಲ್ಟಾ. ಉಳಿಸಬಾರದೆಂದಿದ್ದ ಕುರಿದನಗಳನ್ನು ಏಕೆ ಉಳಿಸಿದೆ ಎಂದು ಕೇಳಿದರೆ ಮೊದಲು ಜನರನ್ನು ತೋರಿಸುತ್ತಾನೆ, ಜನರಿಗೆ ಹೆದರಿದೆ ಎನ್ನುತ್ತಾನೆ, ಕೊನೆಗೆ ಪಾಪ ಮಾಡಿದೆನೆಂದು ಒಪ್ಪಿಕೊಂಡ ಬಾಯಿಂದಲೇ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಎಂದು ಬೇಡುತ್ತಾನೆ.

ವೈದ್ಯರಿಗೆ ಸಿಟ್ಟು ಬಂತು. ಆಮೇಲೆ ಭಯ. ಆಡಳಿತ ನೋಡಿಕೊಳ್ಳುವವರನ್ನು ಕರೆಸಿದರು. ಅವರ ಸಲಹೆ ನಿರೀಕ್ಷಿಸಿದ್ದೇ: ರೋಗಿ ಆರಾಮಾಗಿದ್ದಾರೆ, ಸುಮ್ಮನೆ ಮನೆಗೆ ಕಳಿಸೋಣ, ಇಲ್ಲದಿದ್ದರೆ ಗ್ರಾಹಕ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು. ಈ ಭಯ ಆಧಾರವಿಲ್ಲದ್ದಲ್ಲ. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಒಪ್ಪಿಕೊಳ್ಳುವುದಕ್ಕೆ ಬೆಲೆಯಿದೆ, ಆ ಬೆಲೆ ಯಾವಾಗಲೂ ಒಪ್ಪಿಕೊಂಡವರೊಬ್ಬರೇ ತೆರುವುದೂ ಅಲ್ಲ. ಇದನ್ನು ಮರೆತು ಸತ್ಯ ಹೇಳಿ ಎಂದು ಉಪದೇಶಿಸುವುದು ಸುಲಭ.

ನರ್ಸ್ ಹಟ ಹಿಡಿದರು. ಔಷಧದ ವಿಷಯ ನೀವು ಹೇಳಿ, ಸೊಸೆಯ ವಿಷಯ ನಾನು ಹೇಳಲೇಬೇಕು ಎಂದರು. ಒಂದು ತಾಸಿನ ಮಾತುಕತೆಯ ನಂತರ ವೈದ್ಯರೇ ರೋಗಿಯ ಹಾಸಿಗೆಯ ಬಳಿ ಕುರ್ಚಿ ಎಳೆದುಕೊಂಡು ಕುಳಿತರು.

ಮುಂದೆ ನಡೆದದ್ದು ಯಾವ ಪ್ರಸಂಗದ ಉದಾಹರಣೆಗೂ ಹೊಂದುವಂಥದಲ್ಲ. ಮಗ ಕೂಗಾಡಿದ, ಊರಿನವರಿಗೆ ಫೋನ್ ಮಾಡಿದ. ಅತ್ತೆ ಮೊದಲು ನಂಬಲಿಲ್ಲ. ತಡವಾದದ್ದೂ ನಿಜವಲ್ಲವೇ ಎಂದು ಸೊಸೆಯ ಕಡೆಗೇ ನೋಡಿದರು. ಯಜಮಾನರು ಮಾತ್ರ ಎರಡು ಸಿರಿಂಜುಗಳನ್ನೂ ಕೈಗೆ ತರಿಸಿಕೊಂಡು ಮುಚ್ಚಳದ ಬಣ್ಣ ನೋಡಿದರು. "ಸಿಸ್ಟರ್, ನಾಳೆಯಿಂದ ನನಗೆ ಮನೆಯಲ್ಲಿ ಸೂಜಿ ಹಾಕುವವಳು ಇವಳೇ. ಇವಳಿಗೆ ಸರಿಯಾಗಿ ತೋರಿಸಿಕೊಡು" ಎಂದರು. ನರ್ಸ್ ಸೊಸೆಗೆ, "ತಂಗೀ, ನಿನ್ನಿಂದ ಏನೂ ಆಗಿಲ್ಲ. ಆದದ್ದು ನನ್ನಿಂದ. ಎರಡು ದಿನ ನೀನು ಬೈಸಿಕೊಳ್ಳುವುದನ್ನು ಕೇಳಿಸಿಕೊಂಡೂ ಸುಮ್ಮನಿದ್ದೆ" ಎಂದರು. ಸೊಸೆ ತಲೆಯಾಡಿಸಿದಳು, ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಹೇಳಬೇಕೆಂದು ಯಾರೂ ಒತ್ತಾಯಿಸಲಿಲ್ಲ ಎಂಬುದು ನನಗೆ ಒಳ್ಳೆಯದೆನಿಸಿತು. ಕ್ಷಮೆ ಕೇಳಿದ ಮರುಗಳಿಗೆಯೇ ಅದು ಸಿಗಬೇಕು ಎಂಬ ಹಕ್ಕೊತ್ತಾಯ ನಮ್ಮಲ್ಲಿ ಬಹಳವಿದೆ, ಕ್ರೈಸ್ತರಲ್ಲಿ ಇನ್ನೂ ಹೆಚ್ಚು.

ಆಸ್ಪತ್ರೆ ಎರಡು ದಿನಗಳ ಹಾಸಿಗೆ, ಗ್ಲೂಕೋಸ್, ರಕ್ತಪರೀಕ್ಷೆಗಳ ಹಣವನ್ನು ಬಿಲ್ಲಿನಿಂದ ತೆಗೆದುಹಾಕಿತು. ಕಡಲೆ ಹೊಲದಲ್ಲಿ ತಪ್ಪಿದ ದಿನಗಳ ಲೆಕ್ಕ ಬಿಲ್ಲಿನಲ್ಲಿ ಇರಲಿಲ್ಲ. ನರ್ಸ್ ಅದನ್ನು ತಮ್ಮ ಸಂಬಳದಿಂದ, ಐದನೆಯ ಒಂದು ಪಾಲು ಸೇರಿಸಿ, ಮಗನ ಕೈಗೆ ಕೊಡಲು ಹೋದರು. ಅವನು ಮುಖ ತಿರುಗಿಸಿದ. ಯಜಮಾನರು ಇಸಿದುಕೊಂಡರು, ಎಣಿಸಿ ಹೆಂಡತಿಗೆ ಕೊಟ್ಟರು. ಬೈಬಲಿನಲ್ಲಿ ಸುಂಕ ವಸೂಲಿಯ ಜಕ್ಕಾಯನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆಂದಾಗ ತೆಗೆದುಕೊಂಡವರು ಹೇಗೆ ತೆಗೆದುಕೊಂಡರೆಂದು ಲೂಕನು ಬರೆದಿಲ್ಲ. ಬಹುಶಃ ಹೀಗೆಯೇ, ಎಣಿಸಿಕೊಂಡು. ದೂರು ಯಾರೂ ಕೊಡಲಿಲ್ಲ.

ನರ್ಸಿಗೆ ಆ ವರ್ಷದ ಸಂಬಳದ ಹೆಚ್ಚಳ ತಪ್ಪಿತು. ಜೊತೆಯವರಲ್ಲಿ ಕೆಲವರು ಮಾತು ಕಡಿಮೆ ಮಾಡಿದರು, ಒಬ್ಬರು ಒಪ್ಪಿಕೊಂಡರೆ ಉಳಿದವರಿಗೆ ಇಕ್ಕಟ್ಟಾಗುತ್ತದೆ. ಇಷ್ಟಾದರೂ ವಾರ್ಡಿನಲ್ಲಿ ಕೆಲಸ ಬದಲಾಯಿತು: ಕಾರ್ಟ್ರಿಜ್ ಬಂದರೆ ಪೆನ್ ಅಥವಾ ಕಿತ್ತಳೆ ಮುಚ್ಚಳದ ಸಿರಿಂಜ್ ಇಲ್ಲದೆ ಮುಟ್ಟುವಂತಿಲ್ಲ, ಇನ್ಸುಲಿನ್ ಎಳೆದ ಮೇಲೆ ಇನ್ನೊಬ್ಬ ನರ್ಸ್ ಬಾಟಲಿ ಮತ್ತು ಸಿರಿಂಜನ್ನು ಒಟ್ಟಿಗೆ ನೋಡಿ ಸಹಿ ಹಾಕಬೇಕು, ಔಷಧದ ಚೀಟಿಯಲ್ಲಿ ಸಾಂದ್ರತೆಯನ್ನೂ ಬರೆಯಬೇಕು. ಬುತ್ತಿ ತಡವಾಯಿತು ಎಂಬ ಕಾರಣವೇ ನಿಂತಿದ್ದರೆ ಇವುಗಳಲ್ಲಿ ಒಂದೂ ಆಗುತ್ತಿರಲಿಲ್ಲ. ಬುತ್ತಿಗೆ ಬೇಗ ಬನ್ನಿ ಎಂದು ಒಂದು ಬೋರ್ಡು ಬೀಳುತ್ತಿತ್ತು, ಅಷ್ಟೇ.

ಸಭಾಪಾಲಕರಿಗೂ ಈ ಸುದ್ದಿ ಮುಟ್ಟಿತು. ಅವರು ಕೂಟಕ್ಕೆ ಬಂದು ಕುಳಿತು ಪೂರ್ತಿ ಕೇಳಿದರು, ಅಂದು ನಾನು ರೋಗಿಯ ಬಗ್ಗೆ ಮಾತ್ರ ಕೇಳಿದೆ, ಮನೆಯವರ ಬಗ್ಗೆ ಕೇಳಬೇಕಿತ್ತು ಎಂದರು. ಸೋದರತ್ತೆ ಅದಕ್ಕೂ ಬಿಡಲಿಲ್ಲ: "ಇನ್ನು ಮುಂದೆ ಯಾರೇ ಬಂದು ತಪ್ಪು ಹೇಳಿಕೊಂಡರೂ, ಈಗ ಅದರ ಬೈಗುಳ ಯಾರು ತಿನ್ನುತ್ತಿದ್ದಾರೆ ಎಂದು ಮೊದಲು ಕೇಳಿ ಅಯ್ಯನವರೇ."

ಒಂದು ವಿಷಯ ಇತ್ಯರ್ಥವಾಗದೆ ಉಳಿದಿದೆ. ಡಿಸ್ಚಾರ್ಜ್ ಕಾರ್ಡಿನ ರೋಗಿಯ ಪ್ರತಿಯಲ್ಲಿ ವೈದ್ಯರು ತಮ್ಮ ಕೈಯಿಂದಲೇ "ಇನ್ಸುಲಿನ್ ಪ್ರಮಾಣ ಹೆಚ್ಚಾಗಿ ಸಕ್ಕರೆ ಇಳಿದಿತ್ತು" ಎಂದು ತಿದ್ದಿ ಸಹಿ ಮಾಡಿದರು. ಆಸ್ಪತ್ರೆಯ ಕಡತದಲ್ಲಿ ಇರುವುದು ಇನ್ನೂ ಹಳೆಯ ಸಾಲೇ. ಅದನ್ನೂ ತಿದ್ದಿಸಲು ನರ್ಸ್ ಒತ್ತಾಯಿಸಬೇಕೇ, ಅಥವಾ ಸೊಸೆಯ ಮೇಲಿನ ದೂರು ಇಳಿದ ಮೇಲೆ ಅಲ್ಲಿಗೆ ಬಿಡಬಹುದೇ ಎಂಬುದರ ಮೇಲೆ ಕೂಟ ಎರಡಾಗಿದೆ. ನಾನು ತಿದ್ದಿಸಬೇಕೆನ್ನುವವರ ಕಡೆ. ನರ್ಸ್ ಇದುವರೆಗೆ ಎರಡು ಸಲ ಬರೆದು ಕೊಟ್ಟಿದ್ದಾರೆ, ಉತ್ತರ ಬಂದಿಲ್ಲ.